ಮಣ್ಣು ಬೇಕು, ಕೆಸರು ಬೇಡ: ತಲಘಟ್ಟಪುರದ ಕಡೆಯ ಒಂದು ಅಡ್ಡರಸ್ತೆಯ ಪ್ರಕರಣ

ಕನಕಪುರ ರಸ್ತೆಯ ತಲಘಟ್ಟಪುರ ಮೆಟ್ರೊ ನಿಲ್ದಾಣದಿಂದ ತುರಹಳ್ಳಿ ಕಾಡಿನ ದಿಕ್ಕಿಗೆ ಒಳಹೊಕ್ಕರೆ ಕೆಲವು ತಿರುವುಗಳವರೆಗೆ ಡಾಂಬರು ಇರುತ್ತದೆ, ಆಮೇಲೆ ನಿಂತುಹೋಗುತ್ತದೆ. ಅಲ್ಲಿಂದಾಚೆಗೆ ಕೆಂಪು ಮಣ್ಣಿನ ಅಡ್ಡರಸ್ತೆಗಳು. ಅವುಗಳಲ್ಲಿ ಒಂದರ ವಿಷಯ ಇದು. ಉದ್ದ ಸುಮಾರು 600 ಅಡಿ, ಅಗಲ 30 ಅಡಿ. ಎರಡೂ ಬದಿ ಸೇರಿ ಇಪ್ಪತ್ತೆಂಟು ಮನೆ, ಬೇಲಿ ಹಾಕಿದ ಕೆಲವು ಖಾಲಿ ಸೈಟು. ಹದಿನೇಳು ಮರಗಳಲ್ಲಿ ಹೆಚ್ಚಿನವು ಹೊಂಗೆ, ಎರಡು ಸಂಪಿಗೆ, ಮೂಲೆಯಲ್ಲಿ ಲೇಔಟ್‌ಗಿಂತ ಹಳೆಯದಾದ ಒಂದು ಹುಣಸೆ. ರಸ್ತೆ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಮೆಲ್ಲಗೆ ಇಳಿಯುತ್ತದೆ.

ನನ್ನ ಕಸುಬು ಸಿವಿಲ್ ಎಂಜಿನಿಯರಿಂಗ್. ಬಡಾವಣೆಯ ನಿವಾಸಿಗಳ ಸಂಘದವರು ಸಲಹೆ ಕೇಳಿದ್ದರಿಂದ ಈ ರಸ್ತೆಯ ತಕರಾರಿನೊಳಗೆ ಬಂದೆ. ಗೋಡೆಯಿಂದ ಗೋಡೆಗೆ ಕಾಂಕ್ರೀಟ್ ಹಾಕಿಸಿಕೊಡುವ ಮಾತು ಆಗ ಬಂದಿತ್ತು. ಅರ್ಧ ಮನೆಯವರಿಗೆ ಅದು ವರ್ಷಗಟ್ಟಲೆ ಕಾದದ್ದಕ್ಕೆ ಸಿಕ್ಕ ಫಲ. ಉಳಿದವರು, "ಹಳ್ಳಿ ವಾತಾವರಣ ಇದೆ ಅಂತಲೇ ಇಲ್ಲಿಗೆ ಬಂದ್ವಿ, ಅದನ್ನೇ ಮುಚ್ಚಿಬಿಡ್ತೀರಾ?" ಎನ್ನುತ್ತಿದ್ದರು. ಎರಡು ಕಡೆಯವರೂ ತಿಳಿವಳಿಕೆಯಿಲ್ಲದೆ ಮಾತಾಡುತ್ತಿರಲಿಲ್ಲ. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆದಿಡಬೇಕೆನಿಸಿತು.

ಮಣ್ಣುರಸ್ತೆ ಮಣ್ಣುರಸ್ತೆಯಾಗಿಯೇ ಉಳಿದ ಬಗೆ

ಯಾರೂ ಸೊಗಸಿಗೆಂದು ಈ ರಸ್ತೆಯನ್ನು ಹೀಗೆ ಬಿಟ್ಟದ್ದಲ್ಲ. ಇದು ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲ. ಹೊಲವನ್ನು ಸೈಟುಗಳಾಗಿ ಕತ್ತರಿಸಿ ಮಾರಿದ್ದು ರೆವಿನ್ಯೂ ಲೇಔಟ್ ಪದ್ಧತಿಯಲ್ಲಿ. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಪರಿವರ್ತನೆ ಆಗಬೇಕು. ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಒಪ್ಪಿಗೆ ಪಡೆದ ಲೇಔಟಿನಲ್ಲಿ ರಸ್ತೆ, ಚರಂಡಿ, ಉದ್ಯಾನದ ಜಾಗವನ್ನು ಮಾಲೀಕ ಪ್ರಾಧಿಕಾರಕ್ಕೆ ಬಿಟ್ಟುಕೊಡುತ್ತಾನೆ. ರೆವಿನ್ಯೂ ಲೇಔಟಿನಲ್ಲಿ ಇದಾವುದೂ ನಡೆಯುವುದಿಲ್ಲ. ಜೆಸಿಬಿ ತಂದು ನೆಲ ಸಮ ಮಾಡಿ, ಸುಣ್ಣದ ಗೆರೆ ಎಳೆದು, ಮೂಲೆಗಳಿಗೆ ಕಲ್ಲು ನೆಟ್ಟರೆ ರಸ್ತೆ ಆಯಿತು. ಆ ರಸ್ತೆ ಯಾರದು ಎಂಬ ಪ್ರಶ್ನೆಗೆ ಕಾಗದದಲ್ಲಿ ನೇರ ಉತ್ತರ ಸಿಗುವುದಿಲ್ಲ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಈ ಭಾಗದ ಹಳ್ಳಿಗಳು ನಗರದೊಳಗೆ ಬಂದದ್ದು ಹಾಗೆ. ಮನೆಗಳಿಗೆ ಬಿ ಖಾತಾ, ಅಂದರೆ ಒಪ್ಪಿಗೆಯಿಲ್ಲದ ಆಸ್ತಿಯನ್ನು ಕಂದಾಯಕ್ಕಷ್ಟೇ ಬರೆದುಕೊಳ್ಳುವ ದಾಖಲೆ, ಸಿಕ್ಕಿತು, ಕಂದಾಯ ಕಟ್ಟಿಸಿಕೊಂಡರು. ದಂಡ ಕಟ್ಟಿಸಿಕೊಂಡು ಅಕ್ರಮ ಸೈಟು, ಕಟ್ಟಡಗಳನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಯಲ್ಲಿ ಎಲ್ಲವೂ ಸರಿಹೋಗುತ್ತದೆಂದು ಕಾದವರಿಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದರಿಂದ ಆ ಆಸೆಯೂ ನಿಂತಿತು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಹೋಗಿ ಕೇಳಲು ವಾರ್ಡಿಗೊಬ್ಬ ಕಾರ್ಪೊರೇಟರೂ ಇಲ್ಲದಂತಾಯಿತು.

ಇನ್ನೊಂದು ಕಾರಣ ನೆಲದ ಕೆಳಗಿನದು. 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಬರಬೇಕಿತ್ತು. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಆ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನೀರಿನ ಕೊಳವೆ, ಒಳಚರಂಡಿ ಕೊಳವೆ, ಮನೆ ಸಂಪರ್ಕ, ಇಷ್ಟೂ ಮುಗಿಯುವ ಮೊದಲು ಡಾಂಬರು ಹಾಕಿದರೆ ಮತ್ತೆ ಅಗೆಯಬೇಕು. ಆ ಲೆಕ್ಕ ಸರಿಯಾದದ್ದೇ. ಆದರೆ ಕಾಯುವಿಕೆ ಒಂದು ಮಳೆಗಾಲದ್ದಾಗಿರಲಿಲ್ಲ. ರಸ್ತೆ ಹುಟ್ಟಿದಾಗ ಎತ್ತಿಕೊಂಡಿದ್ದ ಕೂಸಿಗೆ ಈಗ ಮೀಸೆ ಬಂದಿದೆ.

ಜನ ಮೆಚ್ಚಿದ್ದು ಏನನ್ನು

ಸಂಘದ ಸಭೆಯಲ್ಲಿ "ಹಳ್ಳಿ ವಾತಾವರಣ" ಎಂಬ ಮಾತು ಪದೇ ಪದೇ ಬಂದಾಗ, ಅದನ್ನು ಬಿಡಿಸಿ ನೋಡಬೇಕೆಂದು ಬೆಳಗಿನ ಹೊತ್ತು ರಸ್ತೆಯಲ್ಲಿ ಕೂತು ನೋಡಿದೆ. ಬೆಳಕು ಹರಿಯುವ ಮುಂಚೆ ಕಾಡಿನ ಕಡೆಯಿಂದ ನವಿಲಿನ ಕೂಗು. ತುರಹಳ್ಳಿ ಕಾಡು ಹತ್ತಿರವಿರುವುದು ಈ ರಸ್ತೆಯ ಪುಣ್ಯ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಇಲ್ಲಿನವರೂ ಸೇರಿ ವಿರೋಧಿಸಿದ್ದರಿಂದ ಕಾಡು ಕಾಡಾಗಿ ಉಳಿದಿದೆ. ಖಾಲಿ ಸೈಟಿನ ಲಂಟಾನ ಪೊದೆಯಿಂದ ಕೆಂಬೂತ ಹೊರಟು ರಸ್ತೆಯನ್ನು ನಡೆದೇ ದಾಟುತ್ತದೆ. ಡಾಂಬರಿನ ಮೇಲೆ ಕೆಂಬೂತ ಹೀಗೆ ನಿಧಾನವಾಗಿ ನಡೆದದ್ದನ್ನು ನಾನು ಕಂಡಿಲ್ಲ.

ನಡುವಿನ ಒಂದು ಮನೆಯಲ್ಲಿ ಈಗಲೂ ಎರಡು ಸೀಮೆಹಸು ಕಟ್ಟಿದ್ದಾರೆ. ಆ ಮನೆಯ ಅಜ್ಜಿ ಲೇಔಟ್ ಆಗುವ ಮುಂಚಿನಿಂದ ಇಲ್ಲಿಯವರು. ಅವರ ಹೊಲದ ಬದು ಇವತ್ತಿನ ರಸ್ತೆಯ ನಡುವೆಯೇ ಹಾದುಹೋಗಿತ್ತು. ಬೆಳಿಗ್ಗೆ ಅವರು ಬಾಗಿಲ ಮುಂದೆ ಸಗಣಿ ನೀರು ಚಿಮುಕಿಸುವುದನ್ನು ಗಮನವಿಟ್ಟು ನೋಡಿದೆ. ಬಕೆಟ್ಟನ್ನು ಸೊಂಟದ ಪಕ್ಕಕ್ಕೆ ಆನಿಸಿಕೊಂಡು, ಅಂಗೈಯನ್ನು ಬಟ್ಟಲು ಮಾಡಿ, ನೀರು ಒಂದೆಡೆ ನಿಲ್ಲದ ಹಾಗೆ ಬೀಸಿ ಎರಚುತ್ತಾರೆ. ಮಣ್ಣು ಮೊದಲು ಕಪ್ಪಾಗಿ, ನೋಡನೋಡುತ್ತಿದ್ದಂತೆ ಬಣ್ಣ ತಿಳಿಯಾಗಿ ಮೇಲಿನ ದೂಳು ಹೆಪ್ಪುಗಟ್ಟುತ್ತದೆ. ಆಗ ಎಳೆದ ರಂಗೋಲಿ ಮಧ್ಯಾಹ್ನದವರೆಗೂ ಕೆಡುವುದಿಲ್ಲ. ಎದುರುಮನೆಯ ಸಿಮೆಂಟ್ ಇಳಿಜಾರಿನ ಮೇಲೆ ಎಳೆದದ್ದು ಎರಡು ಬೈಕು ಹೋಗುವಷ್ಟರಲ್ಲಿ ಹಾರಿಹೋಗಿತ್ತು.

ಮಕ್ಕಳ ಆಟ ಇನ್ನೊಂದು. ಗೋಲಿಯಾಟಕ್ಕೆ ಹಿಮ್ಮಡಿಯಿಂದ ತಿರುವಿ ಮಾಡಿದ ಒಂದು ಕುಳಿ ಬೇಕು. ಚಿನ್ನಿದಾಂಡಿಗೆ ಚಿನ್ನಿಯನ್ನು ಅಡ್ಡ ಇಟ್ಟು ಚಿಮ್ಮಲು ಗುಂಡಿ ಬೇಕು. ಬುಗುರಿಯ ಮೊಳೆಗೂ ನೆಲ ಸ್ವಲ್ಪ ಕಚ್ಚಬೇಕು. ಇವೆಲ್ಲ ಮಣ್ಣಿನ ಆಟಗಳು. ಫ್ಲ್ಯಾಟುಗಳ ಮಕ್ಕಳು ಮೆಟ್ರೊ ದಾಟಿ ಇಲ್ಲಿಗೆ ಆಡಲು ಬರುವುದನ್ನು ಅವರ ಅಪ್ಪ-ಅಮ್ಮಂದಿರೇ ಹೆಮ್ಮೆಯಿಂದ ಹೇಳಿದರು. ರಸ್ತೆ ನಡುವೆ ಆಟ ನಡೆಯುತ್ತಿದ್ದರೂ ಯಾರಿಗೂ ಭಯವಿಲ್ಲ. ಏಕೆಂದರೆ ಈ ರಸ್ತೆಯಲ್ಲಿ ಬೈಕು ಎರಡನೇ ಗೇರು ದಾಟುವುದಿಲ್ಲ.

ಏಪ್ರಿಲ್‌ನಲ್ಲಿ ಹೊಂಗೆ ಹೂ ಉದುರುವಾಗ ರಸ್ತೆಯ ಎರಡೂ ಅಂಚು ತಿಳಿಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಹತ್ತಿರದ ಡಾಂಬರು ರಸ್ತೆಯಿಂದ ಇಲ್ಲಿಗೆ ಕಾಲಿಟ್ಟರೆ ಚಪ್ಪಲಿಯೊಳಗೇ ವ್ಯತ್ಯಾಸ ತಿಳಿಯುತ್ತದೆ.

ಇದನ್ನೆಲ್ಲ ಬರೆದುಕೊಂಡು ಮತ್ತೊಮ್ಮೆ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಜನ ಮೆಚ್ಚಿದ್ದು ನಿಧಾನವನ್ನು, ನೆರಳನ್ನು, ತಂಪನ್ನು, ಅಂಚಿನ ಬರಿನೆಲವನ್ನು. ಚಕ್ರ ಓಡಿ ಓಡಿ ಹಳ್ಳಬಿದ್ದ ನಡುರಸ್ತೆಯನ್ನು ಮೆಚ್ಚಿದವರು ಒಬ್ಬರೂ ಇರಲಿಲ್ಲ. ಆದರೆ ವಾದಕ್ಕೆ ನಿಂತಾಗ ಎಲ್ಲವನ್ನೂ ಸೇರಿಸಿ "ಮಣ್ಣುರಸ್ತೆ" ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಬೇಕಾದದ್ದೂ ಬೇಡವಾದದ್ದೂ ಅದರಲ್ಲೇ ಕಲಸಿಹೋಗಿತ್ತು.

ಮಳೆಗಾಲದಲ್ಲಿ ಅದೇ ರಸ್ತೆ

ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಆ ತಿಂಗಳಲ್ಲಿ ಇಲ್ಲಿಗೆ ಬಂದು ನೋಡಿದವರು ಹಳ್ಳಿಯ ಸೊಗಸಿನ ಮಾತನ್ನು ಸುಲಭವಾಗಿ ಆಡಲಾರರು. ಕೊಳವೆಗೆಂದು ಅಗೆದು ಮುಚ್ಚಿದ ಜಾಗದಲ್ಲಿ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿರಲಿಲ್ಲ. ಮೊದಲ ಜೋರು ಮಳೆಗೇ ಅದು ಉದ್ದಕ್ಕೂ ಕುಸಿದು, ಮೊಣಕಾಲು ಹೂಳುವಷ್ಟು ಕೆಸರಿನ ಪಟ್ಟಿ ಆಯಿತು.

ಅಡುಗೆ ಅನಿಲ ತರುವ ಹುಡುಗನನ್ನು ಒಂದು ದಿನ ಹತ್ತಿರದಿಂದ ನೋಡಿದೆ. ಗಾಡಿಯನ್ನು ಡಾಂಬರು ಮುಗಿಯುವಲ್ಲೇ ನಿಲ್ಲಿಸಿದ. ಒಳ್ಳೆಯ ರಸ್ತೆಯಲ್ಲಾದರೆ ಸಿಲಿಂಡರನ್ನು ಓರೆಮಾಡಿ ತಳದ ಬಳೆಯ ಮೇಲೆ ತಿರುಗಿಸುತ್ತ ಒಯ್ಯುತ್ತಾರೆ. ಇಲ್ಲಿ ಆ ಬಳೆ ಕೆಸರಲ್ಲಿ ಕಚ್ಚಿಕೊಳ್ಳುತ್ತದೆ. ಹೆಗಲಿಗೆ ಟವಲ್ ಮಡಿಸಿ ಹಾಕಿಕೊಂಡು ಎತ್ತಿದ. ಒಳಗಿನ ಅನಿಲ 14.2 ಕಿಲೊ, ಉಕ್ಕಿನ ತೂಕ ಸೇರಿ ಹತ್ತಿರ ಹತ್ತಿರ 30 ಕಿಲೊ. ಒಂದು ಕಾಲು ಇಟ್ಟು ನೆಲ ಗಟ್ಟಿಯಿದೆಯೇ ಎಂದು ನೋಡಿ, ಆಮೇಲೆ ಇನ್ನೊಂದು ಕಾಲು. "ಹಿಂಗೇ ಸಾರ್, ಈ ರಸ್ತೆಗೆ ಯಾರೂ ಬರಲ್ಲ ಅಂತಾರೆ, ನಂಗೇ ಹಾಕ್ತಾರೆ" ಎಂದ. ತರಕಾರಿ ತಳ್ಳುಗಾಡಿಯವರು ಜೂನ್‌ನಿಂದ ನವೆಂಬರ್‌ವರೆಗೆ ಮೂಲೆಯಲ್ಲೇ ನಿಂತು ಕೂಗುತ್ತಾರೆ. ಕಸದ ಆಟೊ ಒಳಗೆ ಬರುವುದಿಲ್ಲ. ಪೌರಕಾರ್ಮಿಕ ಹೆಂಗಸರು ಚೀಲ ಹೊತ್ತು ಮೂಲೆಯವರೆಗೆ ನಡೆಯುತ್ತಾರೆ.

ಕೊನೆಯ ಮನೆಯ ಯಜಮಾನಿಗೆ ರಾತ್ರಿ ಎದೆನೋವು ಬಂದಾಗ ಆಂಬುಲೆನ್ಸ್ ಹುಣಸೆಮರದ ಹತ್ತಿರವೇ ನಿಂತಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎತ್ತಿಕೊಂಡು, ಮೊಬೈಲ್ ಬೆಳಕಿನಲ್ಲಿ ಹೆಜ್ಜೆ ಹುಡುಕುತ್ತ ನಡೆದರು. ಆಕೆ ಬದುಕಿದರು. ಆದರೆ ಮಣ್ಣುರಸ್ತೆಯೇ ಇರಲಿ ಎಂದು ಗಟ್ಟಿಯಾಗಿ ವಾದಿಸುತ್ತಿದ್ದವರಲ್ಲಿ ಇಬ್ಬರು ಆ ಕುರ್ಚಿಗೆ ಹೆಗಲು ಕೊಟ್ಟವರೇ. ಅವರ ದನಿ ಆಮೇಲೆ ಬದಲಾದದ್ದು ಸಹಜ.

ಬೇಸಿಗೆಯ ದೂಳನ್ನೂ ಇಲ್ಲಿ ಸೇರಿಸಬೇಕು. ನಗರದ ಗಾಳಿಯಲ್ಲಿರುವ ಕಣಗಳಲ್ಲಿ ರಸ್ತೆ ದೂಳಿನ ಪಾಲು ದೊಡ್ಡದು. ಉಬ್ಬಸದ ಮಗುವಿರುವ ಮನೆಯವರು ಫೆಬ್ರುವರಿಯಿಂದ ಮೇ ತನಕ ಮುಂದಿನ ಕಿಟಕಿ ತೆರೆಯುತ್ತಲೇ ಇರಲಿಲ್ಲ. ಸೊಗಸಿನ ಖರ್ಚನ್ನು ಯಾರು ಹೊರುತ್ತಿದ್ದಾರೆ ಎಂದು ಕೇಳಿದರೆ ಉತ್ತರ ಸರಳ: ನಡೆಯುವವರು, ಹೊರುವವರು, ವಯಸ್ಸಾದವರು, ಕಾಯಿಲೆಯವರು. ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡು ಬರುವವರಿಗೆ ಆ ಖರ್ಚು ಬಹಳ ಕಡಿಮೆ. ಈ ಮಾತನ್ನು ಸಭೆಯಲ್ಲೂ ಹೇಳಿದೆ. ಕೆಲವರಿಗೆ ಬೇಸರವಾಯಿತು, ಆದರೂ ಹೇಳಲೇಬೇಕಾದ ಮಾತಾಗಿತ್ತು.

ಮಣ್ಣು ನಿಜವಾಗಿ ನೀರು ಕುಡಿಯುತ್ತದೆಯೇ

ಕಾಂಕ್ರೀಟ್ ಬೇಡ ಎನ್ನುವವರ ದೊಡ್ಡ ವಾದ ಅಂತರ್ಜಲದ್ದು. ಅದರಲ್ಲಿ ತಥ್ಯವಿದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಸರ್ಕಾರಿ ಕೊಳವೆಬಾವಿಗಳು ಬತ್ತಿದ್ದನ್ನು ಎಲ್ಲರೂ ಅನುಭವಿಸಿದ್ದಾರೆ. ಈ ರಸ್ತೆಯಲ್ಲೂ ಟ್ಯಾಂಕರಿಗೆ ಸರದಿ ಹಚ್ಚಿದ್ದರು. ನಗರದ ವಾರ್ಷಿಕ ಮಳೆ ಸರಾಸರಿ ಸುಮಾರು 970 ಮಿಲಿಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ರಸ್ತೆಯ ವಿಸ್ತೀರ್ಣ ಸುಮಾರು 1,670 ಚದರ ಮೀಟರ್. ಅಂದರೆ ಬರೀ ರಸ್ತೆಯ ಮೇಲೆ ವರ್ಷಕ್ಕೆ 16 ಲಕ್ಷ ಲೀಟರ್ ನೀರು ಬೀಳುತ್ತದೆ. ಸೂರುಗಳ ಲೆಕ್ಕ ಬೇರೆ.

ಅದರಲ್ಲಿ ಎಷ್ಟು ನೆಲಕ್ಕೆ ಇಳಿಯುತ್ತಿದೆ ಎಂದು ತೋರಿಸಲು ಎಲ್ಲರ ಮುಂದೆ ಎರಡು ಗುಂಡಿ ತೋಡಿಸಿದೆ, ಎರಡೂ ಒಂದೊಂದು ಅಡಿ ಆಳ. ಒಂದು ನಡುರಸ್ತೆಯಲ್ಲಿ, ಇನ್ನೊಂದು ಹೊಂಗೆ ಬುಡದಿಂದ ನಾಲ್ಕಡಿ ಆಚೆ. ನಡುವಿನ ಗುಂಡಿಗೆ ಹಾರೆಯೇ ಬೇಕಾಯಿತು. ಮಣ್ಣು ಹೆಂಟೆಯಾಗಿ ಏಳದೆ ಚಕ್ಕೆಚಕ್ಕೆಯಾಗಿ ಎದ್ದಿತು. ಮರದ ಹತ್ತಿರ ಗುದ್ದಲಿಯ ಎರಡು ಏಟಿಗೆ ಮಣ್ಣು ಪುಡಿಪುಡಿಯಾಗಿ ಬಂತು, ಎರೆಹುಳು ಕಂಡವು, ಕೊಳೆತ ಎಲೆಯ ವಾಸನೆ ಇತ್ತು. ಎರಡಕ್ಕೂ ನೀರು ತುಂಬಿಸಿದೆವು. ಅಂಚಿನ ಗುಂಡಿ ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಬರಿದಾಗಿತ್ತು. ನಡುವಿನದರಲ್ಲಿ ಮಾರನೇ ಬೆಳಿಗ್ಗೆಯೂ ನೀರು ನಿಂತಿತ್ತು.

ಈ ಪ್ರಯೋಗ ನನ್ನ ಯಾವ ಮಾತಿಗಿಂತಲೂ ಹೆಚ್ಚು ಕೆಲಸ ಮಾಡಿತು. ವರ್ಷಾನುಗಟ್ಟಲೆ ಚಕ್ರ ಹರಿದ ಮಣ್ಣು ಒತ್ತಿ ಒತ್ತಿ ರಂಧ್ರ ಮುಚ್ಚಿಹೋಗಿರುತ್ತದೆ. ನೀರು ಕುಡಿಯುವ ವಿಷಯದಲ್ಲಿ ಅದಕ್ಕೂ ಕಾಂಕ್ರೀಟಿಗೂ ನಾವು ಅಂದುಕೊಳ್ಳುವಷ್ಟು ಅಂತರವಿಲ್ಲ. ಹಳ್ಳದಲ್ಲಿ ದಿನಗಟ್ಟಲೆ ನೀರು ನಿಂತು ಸೊಳ್ಳೆ ಆಗುವುದೇ ಅದಕ್ಕೆ ಸಾಕ್ಷಿ. ಬೇರು, ಹುಳು, ಎಲೆಗೊಬ್ಬರ ಸೇರಿ ಸಡಿಲವಾಗಿಟ್ಟ ಅಂಚಿನ ನೆಲವೇ ನಿಜವಾಗಿ ನೀರು ಇಳಿಸುತ್ತಿರುವುದು. ಗೋಡೆಯಿಂದ ಗೋಡೆಗೆ ಕಾಂಕ್ರೀಟ್ ಹಾಕಿದರೆ ಕಳೆದುಕೊಳ್ಳುವುದು ಆ ಅಂಚನ್ನು. ನಡುರಸ್ತೆಯನ್ನು ಗಟ್ಟಿ ಮಾಡಿದರೆ ಹೆಚ್ಚೇನೂ ಹೋಗುವುದಿಲ್ಲ.

ಕೆಳಗಿನ ನೆಲದ ಗುಣವೂ ಗೊತ್ತಿರಬೇಕು. ಇಲ್ಲಿ ಕೆಂಪು ಮಣ್ಣಿನ ಕೆಳಗೆ ಕೊಳೆತ ಕಲ್ಲಿನ ಪದರ, ಅದರ ಕೆಳಗೆ ಗಟ್ಟಿ ಶಿಲೆ. ಹಿಂದಿನವರ ತೆರೆದ ಬಾವಿಗಳಿಗೆ ನೀರು ಬರುತ್ತಿದ್ದುದು ಆ ಕೊಳೆತ ಕಲ್ಲಿನ ಪದರದಿಂದ. ಮಣ್ಣು ವಡ್ಡರು ತಲೆಮಾರುಗಳಿಂದ ಬೆಂಗಳೂರಿನ ಬಾವಿ ತೋಡಿದವರು. ಈಗ ನಗರದಲ್ಲಿ ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿ ತೋಡುವವರೂ ಅವರೇ. ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ ಮೇಲಿನ ಜೇಡಿ ದಾಟಿ ನೀರನ್ನು ಆ ಪದರಕ್ಕೇ ಮುಟ್ಟಿಸುತ್ತದೆ.

ಮೂರನೇ ದಾರಿ

ನಗರದ ಮಣ್ಣುರಸ್ತೆಯ ತಕರಾರು ನಮ್ಮೊಬ್ಬರದೇ ಅಲ್ಲ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಹತ್ತಾರು ಮೈಲಿ ವಸತಿ ರಸ್ತೆಗಳು ಇಂದಿಗೂ ಮಣ್ಣು, ಜಲ್ಲಿಯವೇ. ರಸ್ತೆ ಕಟ್ಟಿಸುವ ಖರ್ಚು ಅಕ್ಕಪಕ್ಕದ ಮನೆಯವರದು ಎಂಬುದು ಅಲ್ಲಿನ ಹಳೆಯ ನಿಯಮ. ಖರ್ಚಿಗೆ ಅಂಜಿದವರೂ, ಹಳ್ಳಿಯ ಕಳೆ ಇರಲಿ ಎನ್ನುವವರೂ ಅಲ್ಲಿ ಇದ್ದಾರೆ. ಪೂರ್ಣ ಪ್ರಮಾಣದ ರಸ್ತೆಯ ಬದಲು ಕಿರಿದಾದ, ಅಗ್ಗದ ವಿನ್ಯಾಸಗಳಿಗೂ ಆ ನಗರ ಕೊನೆಗೆ ಒಪ್ಪಿಗೆ ಕೊಟ್ಟಿತು. ಪೂರ್ತಿ ರಸ್ತೆ ಅಥವಾ ಏನೂ ಇಲ್ಲ ಎಂಬ ಎರಡೇ ಆಯ್ಕೆ ಇದ್ದಾಗ ಜನ ಜಗಳವಾಡುತ್ತಾರೆ. ನಮ್ಮ ಸಂಘದಲ್ಲೂ ನಡೆದಿದ್ದು ಅದೇ.

ಮೊದಲು ನಾನು ಹೇಳಿದ್ದು ಬರೀ ಮಣ್ಣುರಸ್ತೆಯನ್ನಾದರೂ ಸರಿಯಾಗಿ ಮಾಡುವುದು ಹೇಗೆಂದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಮಣ್ಣುರಸ್ತೆಗೆ ನಡುವಿನಿಂದ ಅಂಚಿಗೆ ನೂರಕ್ಕೆ 3ರಿಂದ 4ರಷ್ಟು ಇಳಿಜಾರು ಬೇಕು. ಡಾಂಬರಿಗೆ ಸಾಕಾಗುವುದಕ್ಕಿಂತ ಇದು ಹೆಚ್ಚು. 30 ಅಡಿ ರಸ್ತೆಯಲ್ಲಿ ನಡುವು ಅಂಚಿಗಿಂತ ಐದೂವರೆಯಿಂದ ಏಳು ಇಂಚು ಎತ್ತರ ಇರಬೇಕು. ಇಲ್ಲಿ ನಡುವೇ ತಗ್ಗಾಗಿ, ಇಡೀ ರಸ್ತೆ ಕಾಲುವೆಯಾಗಿತ್ತು. ಮಣ್ಣುರಸ್ತೆಯನ್ನು ಪ್ರತಿ ವರ್ಷ ಮಳೆಗೆ ಮುಂಚೆ ಕೆರೆದು, ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಕಿ, ರೋಲರ್ ಹೊಡೆಸಬೇಕು. ಈ ಖರ್ಚು ಯಾವತ್ತೂ ನಿಲ್ಲುವುದಿಲ್ಲ ಎಂದು ಗೊತ್ತಾದಾಗ, ಮಣ್ಣುರಸ್ತೆಯೇ ಅಗ್ಗ ಎಂದುಕೊಂಡಿದ್ದವರು ಯೋಚನೆಗೆ ಬಿದ್ದರು.

ಕಾಂಕ್ರೀಟ್ ಕಡೆಯವರಿಗೆ ಹೇಳಿದ್ದು ಬೇರೆ. ಪಕ್ಕದ ಬಡಾವಣೆಯಲ್ಲಿ ರಸ್ತೆಯ ಮೇಲೆ ರಸ್ತೆ ಹಾಕುತ್ತ ಹೋಗಿ, ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗಳಿಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕಾಗಿದೆ. ಮಳೆ ಬಂದರೆ ಹೊರಗಿನ ನೀರು ಮನೆಯ ನೆಲದಡಿಯ ನೀರಿನ ತೊಟ್ಟಿಗೆ ನುಗ್ಗುತ್ತದೆ. ಮರದ ಬುಡಕ್ಕೆ ಕಾಂಕ್ರೀಟ್ ಅಮುಕಿದರೆ ಬೇರಿಗೆ ಗಾಳಿ, ನೀರು ಸಿಗದೆ ಗಾಳಿಮಳೆಗೆ ಬುಡಮೇಲಾಗುತ್ತದೆ. ದೆಹಲಿಯಲ್ಲಿ ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಕೊಟ್ಟಿದೆ. ಇನ್ನು ಇರುವ ಮರ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕೈ ಹಾಕುವಂತಿಲ್ಲ.

ಮಾತು ತಿರುಗಿದ್ದು ಹಸು ಕಟ್ಟುವ ಮನೆಯ ಅಜ್ಜಿಯಿಂದ. ಅದುವರೆಗೆ ಸುಮ್ಮನೆ ಕೂತಿದ್ದವರು ಸಂಘದ ಕಾರ್ಯದರ್ಶಿಯನ್ನು ಕೇಳಿದರು: "ಅಲ್ಲ ಮೇಷ್ಟ್ರೇ, ಹಳ್ಳೀಲಿ ಎಲ್ಲಾರೂ ಕೆಸರು ತುಳೀತಾ ಇರ್ತಾರೆ ಅಂತ ಅನ್ಕೊಂಡಿದೀರಾ? ನಮ್ಮನೆ ಮುಂದೆ ಚಪ್ಪಡಿ ಹಾಕಿದ್ವಿ. ಗಾಡಿ ಹೋಗೋ ಕಡೆ ಕಲ್ಲು, ಗಿಡ ಇರೋ ಕಡೆ ಮಣ್ಣು." ಮೇಷ್ಟ್ರು, "ಸರಿ ಅಜ್ಜಿ, ಅದನ್ನೇ ಸಾರ್‌ಗೆ ಹೇಳಿ" ಎಂದು ನನ್ನ ಕಡೆ ನೋಡಿದರು. ನನ್ನ ನಕ್ಷೆಯಲ್ಲಿದ್ದದ್ದೂ ಹೆಚ್ಚುಕಡಿಮೆ ಅದೇ. ಆದರೆ ಅಜ್ಜಿಯ ಬಾಯಲ್ಲಿ ಬಂದದ್ದರಿಂದ ಎರಡೂ ಕಡೆಯವರಿಗೆ ಅದು ತಮ್ಮದೇ ಅನಿಸಿತು.

ಒಪ್ಪಿಗೆಯಾದ ವಿನ್ಯಾಸ ಹೀಗಿತ್ತು. ನಡುವಿನ 12 ಅಡಿ ಜಲ್ಲಿ ಪದರದ ಮೇಲೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಹಾಸಿ, ಸಿಮೆಂಟಿನ ಬ್ಲಾಕುಗಳನ್ನು ಸಂದಿಗೆ ಮರಳು ತುಂಬಿ ಕೂರಿಸುವುದು. ಸಂದಿಗೆ ಗಾರೆ ಹಾಕುವುದಿಲ್ಲ. ನಾಳೆ ಕೊಳವೆ ಒಡೆದರೆ ಬ್ಲಾಕು ಕಿತ್ತು, ರಿಪೇರಿ ಮಾಡಿ, ಅವನ್ನೇ ಮತ್ತೆ ಕೂರಿಸಬಹುದು. ಕಾಂಕ್ರೀಟಿನಲ್ಲಿ ಇದು ಸಾಧ್ಯವಿಲ್ಲ. ಬ್ಲಾಕಿನ ಎರಡೂ ಬದಿಗೆ ಮೂರು ಮೂರು ಅಡಿ ಗರಸು ಹಾಕಿ ದಮ್ಮಸು ಮಾಡುವುದು. ಎದುರು ಬಂದ ಗಾಡಿಗೆ ಸರಿದು ನಿಲ್ಲಲು, ಬೆಂಕಿ ನಂದಿಸುವ ಗಾಡಿ ಬಂದರೆ ಚಕ್ರ ಇಳಿಸಲು ಅಷ್ಟು ಸಾಕು. ಅದರಾಚೆಗೆ ಗೋಡೆಯವರೆಗಿನ ಆರಡಿ ಬರಿಮಣ್ಣು, ಮರ, ಹುಲ್ಲು. ಅಲ್ಲಿ ಅರ್ಧ ಅಡಿ ತಗ್ಗಿನ ಹುಲ್ಲು ಕಾಲುವೆ ಉದ್ದಕ್ಕೂ ಹರಿದು ಕೆಳತುದಿಯ ಎರಡು ಇಂಗುಬಾವಿಗೆ ಸೇರಬೇಕು. ಬಾವಿಗೆ ಮುಂಚೆ ಜಲ್ಲಿ, ಮರಳಿನ ಸೋಸುಗುಂಡಿ. ಮನೆಗಳ ಬಚ್ಚಲು ನೀರು ಒಂದು ತೊಟ್ಟೂ ಆ ಕಾಲುವೆಗೆ ಬರಬಾರದು ಎಂಬುದು ನನ್ನ ಕಡೆಯ ಬಿಡಲಾರದ ಷರತ್ತು. ಕೊಳಚೆ ನೀರನ್ನು ಇಂಗುಬಾವಿಗೆ ಬಿಟ್ಟರೆ ಅಂತರ್ಜಲವನ್ನು ನಾವೇ ಕೈಯಾರೆ ಕೆಡಿಸಿದಂತೆ.

ಬ್ಲಾಕು ಹಾಕುವ ಮುಂಚೆ ಹಳೆಯ ನೆಲವನ್ನು ಒಂದಡಿ ಕೆರೆದು ತೆಗೆದೆವು. ಹೀಗಾಗಿ ಹೊಸ ರಸ್ತೆ ಹಳೆಯ ಮಟ್ಟವನ್ನು ಮೀರಲಿಲ್ಲ, ಯಾರ ಹೊಸ್ತಿಲೂ ತಗ್ಗಾಗಲಿಲ್ಲ. ಖರ್ಚನ್ನು ಸೈಟಿನ ಮುಂಭಾಗದ ಅಡಿ ಲೆಕ್ಕದಲ್ಲಿ ಹಂಚಿಕೊಂಡರು. ಖಾಲಿ ಸೈಟಿನ ಮಾಲೀಕರಿಂದ ಹಣ ಬರಲು ತಡವಾಯಿತು. ಬೇರೆಯವರು ಕೈಸಾಲ ಹಾಕಿದರು. ರಸ್ತೆಗೆ ಕೈ ಹಾಕಲು ಬರಹದಲ್ಲಿ ಅನುಮತಿ ಪಡೆಯಿರಿ ಎಂದು ನಾನು ಹಟ ಹಿಡಿದೆ. ಕಾಗದವಿಲ್ಲದೆ ಮಾಡಿದ ಕೆಲಸವನ್ನು ನಾಳೆ ಯಾರು ಬೇಕಾದರೂ ಕಿತ್ತುಹಾಕಬಹುದು.

ಎರಡು ಮಳೆಗಾಲದ ಮೇಲೆ

ಸಿಲಿಂಡರ್ ಈಗ ಬಾಗಿಲವರೆಗೆ ಉರುಳಿಕೊಂಡು ಬರುತ್ತದೆ. ತಳ್ಳುಗಾಡಿ, ಕಸದ ಆಟೊ ಒಳಗೆ ಬರುತ್ತವೆ. ನಡುರಸ್ತೆಯಲ್ಲಿ ನೀರು ನಿಲ್ಲುವುದಿಲ್ಲ. ಜೋರು ಮಳೆಗೆ ಹುಲ್ಲು ಕಾಲುವೆ ತುಂಬಿದರೂ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ದೂಳು ಪೂರ್ತಿ ಹೋಗಿಲ್ಲ, ಆದರೆ ಉಬ್ಬಸದ ಮಗುವಿನ ಮನೆಯ ಮುಂದಿನ ಕಿಟಕಿ ಈ ಬೇಸಿಗೆಯಲ್ಲಿ ತೆರೆದಿತ್ತು. ಗೋಲಿಯಾಟ ಅಂಚಿನ ಮಣ್ಣಿಗೆ ಸರಿದಿದೆ. ಅಜ್ಜಿ ಬಾಗಿಲ ಮುಂದಿನ ಆರಡಿಗೆ ಈಗಲೂ ಸಗಣಿ ನೀರು ಚಿಮುಕಿಸುತ್ತಾರೆ.

ಎಲ್ಲವೂ ನೆಟ್ಟಗಾಗಿಲ್ಲ. ರಸ್ತೆ ನುಣುಪಾದ ಕೂಡಲೇ ಬೈಕುಗಳ ವೇಗ ಹೆಚ್ಚಿತು. ಮೇಲಿನ ತುದಿಯಿಂದ ಇಳಿಜಾರಿನಲ್ಲಿ ಬರುವವರು ಗೇರು ಏರಿಸತೊಡಗಿದರು, ಆಡುವ ಮಕ್ಕಳನ್ನು ಅಮ್ಮಂದಿರು ಒಳಗೆ ಕರೆದುಕೊಂಡರು. ನಿಧಾನವನ್ನು ಉಳಿಸುವುದೇ ಮುಖ್ಯ ಎಂದವನು ನಾನು. ಹಾಗಾಗಿ ಎರಡು ಕಡೆ ಬ್ಲಾಕಿನ ದಾರಿಯನ್ನು ಮರದ ಕಡೆಗೆ ಸ್ವಲ್ಪ ಬಾಗಿಸಿ, ಮಣ್ಣಿನ ಅಂಚಿನಲ್ಲಿ ಸೈಜುಗಲ್ಲು ನೆಡಿಸಿದೆವು. ನೇರ ನೋಟ ತಪ್ಪಿದ ಮೇಲೆ ವೇಗ ಇಳಿಯಿತು. ಉಬ್ಬಿನ ಅಗತ್ಯ ಬೀಳಲಿಲ್ಲ.

ಕಾರುಗಳದ್ದು ಇನ್ನೂ ಬಗೆಹರಿಯದ ಸಮಸ್ಯೆ. ಅಂಚಿನ ಮಣ್ಣಿನ ಮೇಲೆ ದಿನವೂ ಒಂದೇ ಜಾಗದಲ್ಲಿ ಕಾರು ನಿಲ್ಲಿಸಿದರೆ ಆ ನೆಲವೂ ನಡುರಸ್ತೆಯಂತೆ ಒತ್ತಿಹೋಗುತ್ತದೆ, ಹುಲ್ಲು ಸಾಯುತ್ತದೆ. ಸಂಪಿಗೆ ಮರದ ಎರಡೂ ಪಕ್ಕ ಹಾಗೆ ಆಗಿದೆ. ಕೆಲವರು ತಮ್ಮ ಗೇಟಿನ ಮುಂದೆ ಮಾತ್ರ ಎಂದು ಹೇಳಿ ಗೋಡೆಯವರೆಗೆ ಸಿಮೆಂಟ್ ಎಳೆದಿದ್ದಾರೆ. ಹೀಗೆ ಒಂದೊಂದು ಗೇಟೂ ಮುಚ್ಚುತ್ತ ಹೋದರೆ ಹುಲ್ಲು ಕಾಲುವೆ ತುಂಡು ತುಂಡಾಗುತ್ತದೆ. ಗೇಟಿನ ಮುಂದೆ ಸಂದಿ ಬಿಟ್ಟ ಚಪ್ಪಡಿ ಹಾಸಿ, ಕೆಳಗೆ ನೀರು ಹರಿಯಲು ಕೊಳವೆ ಬಿಡಿ ಎಂದು ಮಾದರಿಯೊಂದನ್ನು ಮಾಡಿ ತೋರಿಸಿದ್ದೇವೆ. ಮೂರು ಮನೆಯವರು ಬದಲಿಸಿದ್ದಾರೆ.

ಕೆಳಗಿನ ಸೋಸುಗುಂಡಿಯ ಹೂಳನ್ನು ಮೇ ಮುಗಿಯುವ ಮುಂಚೆ ತೆಗೆಯಬೇಕು. ಮೊದಲ ವರ್ಷ ಉತ್ಸಾಹದಿಂದ ತೆಗೆದರು, ಎರಡನೇ ವರ್ಷ ನೆನಪಿಸಬೇಕಾಯಿತು. ಈಗ ಅದನ್ನು ಮಣ್ಣು ವಡ್ಡರ ಒಂದು ತಂಡಕ್ಕೆ ವಾರ್ಷಿಕ ಕೂಲಿಗೆ ಒಪ್ಪಿಸಿದ್ದಾರೆ, ಹಣ ಸಂಘದ ಖಾತೆಯಿಂದ ಹೋಗುತ್ತದೆ.

ಕೆಳಗಿನ ಅಡ್ಡರಸ್ತೆಯವರು ಬಂದು ನಕ್ಷೆ ಕೇಳಿದ್ದಾರೆ. ಅವರದು 20 ಅಡಿ ರಸ್ತೆ, ಮರ ಕಡಿಮೆ, ಇಳಿಜಾರು ಹೆಚ್ಚು. ಇದೇ ನಕ್ಷೆ ಅಲ್ಲಿಗೆ ಹೊಂದುವುದಿಲ್ಲ. ಒಳಚರಂಡಿಯ ಮನೆ ಸಂಪರ್ಕವೂ ಅಲ್ಲಿ ಅರ್ಧಕ್ಕೆ ನಿಂತಿದೆ. ಕೊನೆಯ ಮನೆಗೂ ಸಂಪರ್ಕ ಸಿಗುವವರೆಗೆ ಒಂದು ಕಲ್ಲನ್ನೂ ಕೂರಿಸಬೇಡಿ, ಅಲ್ಲಿಯವರೆಗೆ ನಡು ಎತ್ತರಿಸಿ ಗರಸು ಹಾಕಿ ರೋಲರ್ ಹೊಡೆಸಿ, ಅಂಚಿನಲ್ಲಿ ಹೊಂಗೆ ಸಸಿ ಈಗಲೇ ನೆಡಿ ಎಂದು ಹೇಳಿ ಕಳಿಸಿದ್ದೇನೆ.